ಡಚ್ ಪ್ರೋಗ್ (ಪ್ರೋಗ್ರೆಸಿವ್ ರಾಕ್), ಸೈಕೆಡೆಲಿಕ್ ರಾಕ್ ರೆಕಾರ್ಡ್ ಕೂಡಿಸುವವರು ಇಲ್ಲಿ ಯಾರಾದರೂ ಇದ್ದೀರಾ?

ಪ್ರಶ್ನೆ, ಐಂಡ್‌ಹೋವನ್‌ನಿಂದ

ನಮಸ್ಕಾರ. ಕೆಲಸದ ಮೇಲೆ ನೆದರ್‌ಲ್ಯಾಂಡ್ಸ್‌ಗೆ ಬಂದಿದ್ದೇನೆ. ಮುಂದಿನ ವರ್ಷ ಬೆಂಗಳೂರಿಗೆ ವಾಪಸ್. ಕಾಲೇಜಿನ ದಿನಗಳಿಂದ ಇಲ್ಲಿನ ಫೋಕಸ್ ಬ್ಯಾಂಡಿನ ‘ಹೋಕಸ್ ಪೋಕಸ್’ ಅಂದರೆ ಹುಚ್ಚು. ಆ ಕಾಲದಲ್ಲಿ ಇಂಥ ಬ್ಯಾಂಡುಗಳು ಬೇಕಾದಷ್ಟಿದ್ದವು ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. 1968ರಿಂದ 75ರವರೆಗಿನ ಎಲ್‌ಪಿಗಳನ್ನು ಕೂಡಿಸೋಣ ಅಂತ ಹೊರಟರೆ ಆನ್‌ಲೈನ್‌ನಲ್ಲಿ ಒಂದೊಂದಕ್ಕೆ ನೂರಾರು ಯೂರೋ ಹೇಳುತ್ತಾರೆ. ಎಲ್ಲಿ ಹುಡುಕಬೇಕು, ಏನನ್ನು ಬಿಡಬೇಕು, ಊರಿಗೆ ಹೇಗೆ ಸಾಗಿಸಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ, ಯುಟ್ರೆಕ್ಟ್‌ನಿಂದ

ಸರ್, ‘ಅಪರೂಪದ ನೂರು ರೆಕಾರ್ಡು’ ಅಂತ ಯಾರೋ ಮಾಡಿದ ಪಟ್ಟಿ ಹಿಡಿದು ಹೊರಡಬೇಡಿ. ದುಡ್ಡು ಹೋಗುತ್ತದೆ, ಕೇಳುವುದಕ್ಕೆ ಏನೂ ಸಿಗುವುದಿಲ್ಲ. ನಿಮ್ಮ ಹತ್ತಿರ ಇರುವ ಫೋಕಸ್ ರೆಕಾರ್ಡಿನಿಂದಲೇ ಶುರು ಮಾಡಿ. ಹಾಡು ಯಾರದ್ದು, ಡ್ರಮ್ಸ್ ಯಾರು ನುಡಿಸಿದ್ದಾರೆ ಅಂತ ಕವರಿನ ಹಿಂದೆ ಓದಿ. ಅಲ್ಲಿರುವ ಹೆಸರುಗಳನ್ನು ಹಿಡಿದು ಹೋಗಿ. ಇದು ಸಣ್ಣ ದೇಶ, ಅವರೇ ನಾಲ್ಕು ಬ್ಯಾಂಡಿನಲ್ಲಿ ಸಿಗುತ್ತಾರೆ.

ಉದಾಹರಣೆಗೆ 1971ರ ‘ಮೂವಿಂಗ್ ವೇವ್ಸ್’. ‘ಹೋಕಸ್ ಪೋಕಸ್’ ಇರುವುದು ಅದರಲ್ಲೇ. ಅದರ ಎರಡನೇ ಬದಿ ಪೂರ್ತಿ ‘ಇರಪ್ಷನ್’ ಅನ್ನುವ ಒಂದೇ ಉದ್ದದ ಕೃತಿ. ಅದರೊಳಗೆ ‘ಟಾಮಿ’ ಅಂತ ಒಂದು ತುಂಡು ಬರುತ್ತದೆ, ಗಿಟಾರ್ ಅಳುವ ಹಾಗೆ ಕೇಳುತ್ತದಲ್ಲ, ಅದೇ. ಅದು ಫೋಕಸ್‌ನವರದ್ದಲ್ಲ. ಗ್ರೋನಿಂಗನ್ ಊರಿನ ಸೊಲ್ಯೂಷನ್ ಬ್ಯಾಂಡಿನ ಸ್ಯಾಕ್ಸೊಫೋನ್ ವಾದಕ ಟಾಮ್ ಬಾರ್ಲಾಗೆ ಅವರದ್ದು. ಆಮೇಲೆ ಸೊಲ್ಯೂಷನ್‌ನವರ 1972ರ ‘ಡೈವರ್ಜೆನ್ಸ್’ ಹಾಕಿ ಕೇಳಿ. ಅದೇ ರಾಗ ಅದರ ಸ್ವಂತ ಮನೆಯಲ್ಲಿ ಸಿಗುತ್ತದೆ. ನನಗೆ ಡಚ್ ಪ್ರೋಗ್ ರುಚಿ ಹತ್ತಿದ್ದೇ ಆ ರೆಕಾರ್ಡಿನಿಂದ.

ಹಾಗೆಯೇ ಹಿಂದಕ್ಕೂ ಹೋಗಬಹುದು. ಗಿಟಾರಿನ ಯಾನ್ ಅಕ್ಕರ್‌ಮನ್, ಡ್ರಮ್ಸ್‌ನ ಪಿಯರ್ ವಾನ್ ಡರ್ ಲಿಂಡನ್ ಇಬ್ಬರೂ ಫೋಕಸ್‌ಗಿಂತ ಮೊದಲು ಬ್ರೇನ್‌ಬಾಕ್ಸ್‌ನಲ್ಲಿದ್ದರು. ಪಿಯರ್ ಮುಂದೆ 1974ರಲ್ಲಿ ಟ್ರೇಸ್ ಬ್ಯಾಂಡಿಗೆ ಹೋದರು. ಅಲ್ಲಿ ಕೀಬೋರ್ಡಿಗೆ ಕೂತವರು ಎಕ್ಸೆಪ್ಷನ್ ಬ್ಯಾಂಡಿನ ರಿಕ್ ವಾನ್ ಡರ್ ಲಿಂಡನ್. ಅರ್ತ್ ಅಂಡ್ ಫೈರ್‌ನ ಮೊದಲ ಹಿಟ್ ‘ಸೀಸನ್ಸ್’ ಬರೆದುಕೊಟ್ಟವರು ಗೋಲ್ಡನ್ ಇಯರಿಂಗ್‌ನ ಜಾರ್ಜ್ ಕೊಯ್‌ಮನ್ಸ್. ಹೀಗೆ ಹೋದರೆ ಒಂದು ರೆಕಾರ್ಡು ಇನ್ನೊಂದನ್ನು ತೋರಿಸುತ್ತದೆ.

ಮೊದಲು ಕೊಳ್ಳಬೇಕಾದ್ದು ಆ ಕಾಲದಲ್ಲಿ ಇಲ್ಲಿ ಚೆನ್ನಾಗಿ ಓಡಿದ ಬ್ಯಾಂಡುಗಳನ್ನು. ಓಡಿದ್ದರಿಂದಲೇ ಅವು ಇನ್ನೂ ಮನೆಮನೆಯ ಅಟ್ಟದಲ್ಲಿವೆ. ಹೇಗ್‌ನ ಸೂಪರ್‌ಸಿಸ್ಟರ್ ನನ್ನ ಮೊದಲ ಆಯ್ಕೆ. ‘ಪ್ರೆಸೆಂಟ್ ಫ್ರಂ ನ್ಯಾನ್ಸಿ’ 1970ರದ್ದು, ‘ಟು ದ ಹೈಯೆಸ್ಟ್ ಬಿಡರ್’ 1971ರದ್ದು. ಗಿಟಾರೇ ಬೇಡ ಅನ್ನಿಸುವ ಹಾಗೆ ರಾಬರ್ಟ್ ಯಾನ್ ಸ್ಟಿಪ್ಸ್ ಆರ್ಗನ್ ನುಡಿಸುತ್ತಾರೆ. ಮಧ್ಯೆ ತಮಾಷೆಯೂ ಇದೆ. ಪ್ರೋಗ್ ಅಂದರೆ ಮುಖ ಗಂಟು ಹಾಕಿಕೊಂಡು ನುಡಿಸುವುದು ಅಂದುಕೊಂಡವರಿಗೆ ಇದನ್ನು ಕೇಳಿಸಬೇಕು. ಡೆಲ್ಫ್ಟ್‌ನ ಆಲ್ಕ್ವಿನ್ ಬ್ಯಾಂಡಿನ ‘ಮಾರ್ಕ್ಸ್’ ಮತ್ತು ‘ದ ಮೌಂಟನ್ ಕ್ವೀನ್’, ಅರ್ತ್ ಅಂಡ್ ಫೈರ್‌ನ ‘ಸಾಂಗ್ ಆಫ್ ದ ಮಾರ್ಚಿಂಗ್ ಚಿಲ್ಡ್ರನ್’, ಫಿಂಚ್‌ನ 1975ರ ‘ಗ್ಲೋರಿ ಆಫ್ ದ ಇನ್ನರ್ ಫೋರ್ಸ್’ ಇವೆಲ್ಲ ಆಮೇಲೆ. ಕಾಯಾಕ್‌ನ ಮೊದಲ ಒಂದೆರಡು ಸಾಕು. ನಂತರದ್ದು ನನಗೆ ಸಪ್ಪೆ.

ಒಂದೇ ರೆಕಾರ್ಡಿನ ಬೇರೆ ಬೇರೆ ಪ್ರೆಸ್ಸಿಂಗ್ (ಅಂದರೆ ಬೇರೆ ಸಲ, ಬೇರೆ ಕಡೆ ಅಚ್ಚು ಹಾಕಿದ ಪ್ರತಿಗಳು) ನಡುವೆ ಬೆಲೆ ಎಷ್ಟು ಬದಲಾಗುತ್ತದೆ ಅಂತ ತಿಳಿದಿರಲಿ. ಅರ್ತ್ ಅಂಡ್ ಫೈರ್‌ನ ಮೊದಲ ಎಲ್‌ಪಿ ಇಂಗ್ಲೆಂಡಿನಲ್ಲಿ ನೆಪೆಂಥ ಲೇಬಲ್‌ನಲ್ಲಿ ಬಂತು. ಕವರ್ ಬಿಡಿಸಿದವರು ರೋಜರ್ ಡೀನ್. ಆ ಕವರಿಗಾಗಿಯೇ ಜನ ಜಾಸ್ತಿ ದುಡ್ಡು ಸುರಿಯುತ್ತಾರೆ. ಅದೇ ಹಾಡುಗಳ ಡಚ್ ಪಾಲಿಡೋರ್ ಪ್ರೆಸ್ಸಿಂಗ್ ಅದಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ.

ಎಲ್ಲಿ ಹುಡುಕುವುದು? ಹಳೇ ಸಾಮಾನಿನ ಕ್ರಿಂಗ್‌ಲೋಪ್ ಅಂಗಡಿಗಳಿಗೆ ಹೋಗಿ, ಆದರೆ ಜಾಸ್ತಿ ನಿರೀಕ್ಷೆ ಬೇಡ. ಅಲ್ಲಿ ರಾಶಿ ಬಿದ್ದಿರುವುದು ಎಕ್ಸೆಪ್ಷನ್ ಮತ್ತು ಟೈಸ್ ವಾನ್ ಲೇರ್ ಅವರ ‘ಇಂಟ್ರೊಸ್ಪೆಕ್ಷನ್’. ಫೋಕಸ್‌ನವರ ಹೆಸರು ನೋಡಿ ಎರಡನೆಯದನ್ನು ಎತ್ತಿಕೊಳ್ಳಬೇಡಿ. ಅದು ಮೆತ್ತಗಿನ ಕೊಳಲಿನ ರೆಕಾರ್ಡು, ನಿಮ್ಮ ‘ಹೋಕಸ್ ಪೋಕಸ್’ಗೂ ಅದಕ್ಕೂ ಸಂಬಂಧವೇ ಇಲ್ಲ. ಏಪ್ರಿಲ್ 27ರ ರಾಜನ ದಿನ ಮಾತ್ರ ಬಿಡಬೇಡಿ. ಅವತ್ತು ಜನ ತಮ್ಮ ಮನೆ ಮುಂದೆಯೇ ಹಳೇ ಸಾಮಾನು ಹರಡಿಕೊಂಡು ಮಾರುತ್ತಾರೆ. ಬೆಳಗ್ಗೆ ಬೇಗ ಹೋಗಬೇಕು, ರೆಕಾರ್ಡ್ ವ್ಯಾಪಾರಿಗಳು ನಿಮಗಿಂತ ಮುಂಚೆ ಎದ್ದಿರುತ್ತಾರೆ. ಉಳಿದ ದಿನ ಹಳೇ ಸಾಮಾನಿನ ಜಾಹೀರಾತಿನ ವೆಬ್‌ಸೈಟ್ ಮಾರ್ಕ್ಟ್‌ಪ್ಲಾಟ್ಸ್ ಇದ್ದೇ ಇದೆ. ‘ಅಪ್ಪನ ಎಲ್‌ಪಿಗಳು, ಒಟ್ಟಿಗೇ ತೆಗೆದುಕೊಂಡು ಹೋಗಬೇಕು’ ಅನ್ನುವ ಜಾಹೀರಾತುಗಳೇ ಒಳ್ಳೆಯವು. ರೈಲು ಹತ್ತಿ ಹೋಗಿ, ಕಣ್ಣಾರೆ ನೋಡಿ ತನ್ನಿ.

ವರ್ಷಕ್ಕೆರಡು ಸಲ ದೊಡ್ಡ ರೆಕಾರ್ಡ್ ಮೇಳವೂ ನಡೆಯುತ್ತದೆ. ಹೋಗುವ ಮುಂಚೆ ಊರು, ತಾರೀಖು ನೋಡಿಕೊಳ್ಳಿ. ಅಲ್ಲಿ ಎಲ್ಲವೂ ಸಿಗುತ್ತದೆ, ಅಗ್ಗ ಮಾತ್ರ ಇಲ್ಲ. ನಾನು ಅಲ್ಲಿಗೆ ಹೋಗುವುದು ಕೊಳ್ಳುವುದಕ್ಕಿಂತ ಮುಟ್ಟಿ ನೋಡುವುದಕ್ಕೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಉಟ್ರೆಕ್ಟ್ಸೆಸ್ಟ್ರಾಟ್ ಬೀದಿಯ ಕನ್ಸರ್ಟೊ ಅಂಗಡಿಗೂ ಒಮ್ಮೆ ಹೋಗಿ ಬನ್ನಿ. 1955ರಿಂದ ಇದೆ.

ಉತ್ತರ, ಬೆಂಗಳೂರಿನಿಂದ

ಮೇಲಿನವರು ನಿಜವಾದ ಅಪರೂಪದವುಗಳ ಬಗ್ಗೆ ಹೇಳಲಿಲ್ಲ, ಅದನ್ನು ನಾನು ಹೇಳುತ್ತೇನೆ. ಗ್ರೂಪ್ 1850ರ ‘ಅಗೇಮೋಸ್ ಟ್ರಿಪ್ ಟು ಮದರ್ ಅರ್ತ್’ 1968, ದ ಔಟ್‌ಸೈಡರ್ಸ್‌ನ ‘ಸಿಕ್ಯೂ’ 1968, ಅಹೋರ ಮಜ್ದಾ 1970, ಕಾಸ್ಮಿಕ್ ಡೀಲರ್‌ನ ‘ಕ್ರಿಸ್ಟಲೈಸೇಷನ್’ 1971, ಪ್ಯಾಂಥಿಯನ್‌ನ ‘ಓರಿಯನ್’ 1972, ಕಾರ್ಗೋ 1972. ಬಂದ ಕಾಲದಲ್ಲಿ ಇವು ಓಡಲಿಲ್ಲ. ಓಡದ್ದನ್ನು ಮತ್ತೆ ಅಚ್ಚು ಹಾಕುವವರು ಯಾರು? ಅದಕ್ಕೇ ಈಗ ಈ ಬೆಲೆ.

ಇವುಗಳ ಒರಿಜಿನಲ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ನೆದರ್‌ಲ್ಯಾಂಡ್ಸ್‌ನ ಸೂಡೊನಿಮ್ ಲೇಬಲ್‌ನವರು ಇಂಥ ಹಳೆಯ ಡಚ್ ರೆಕಾರ್ಡುಗಳನ್ನೇ ಹುಡುಕಿ ಮತ್ತೆ ತರುತ್ತಾರೆ. ಜೊತೆಗೆ ಹಳೇ ಫೋಟೋ, ಬ್ಯಾಂಡಿನ ಕಥೆ ಇರುತ್ತದೆ. ಹಾರ್ಲೆಮ್‌ನ ಮ್ಯೂಸಿಕ್ ಆನ್ ವಿನೈಲ್ ಪ್ರೆಸ್ಸಿಂಗ್‌ಗಳೂ ಚೆನ್ನಾಗಿರುತ್ತವೆ. ಗೀರು ಬಿದ್ದ ಒರಿಜಿನಲ್‌ಗೆ ಅರ್ಧ ತಿಂಗಳ ಸಂಬಳ ಕೊಟ್ಟು, ಪಟಪಟ ಸದ್ದಿನ ಹಿಂದೆ ಹಾಡು ಹುಡುಕುವುದು ಯಾಕೆ?

ಮಾರುವವರ ಮಾತನ್ನು ಪೂರ್ತಿ ನಂಬಬೇಡಿ. ರೆಕಾರ್ಡುಗಳ ವಿವರ ಇರುವ, ಮಾರಾಟವೂ ನಡೆಯುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ರೆಕಾರ್ಡಿನ ಸ್ಥಿತಿಗೆ ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಅಂತ ದರ್ಜೆ ಹಾಕುತ್ತಾರೆ. ನನಗೆ ಒಬ್ಬರು ವಿಜಿ ಪ್ಲಸ್ ಅಂತ ಕಳಿಸಿದ್ದರಲ್ಲಿ ಸೂಜಿ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಕೇಳಿದರೆ ‘ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು’ ಅಂದರು. ಆಮೇಲಿಂದ ‘ಹಾಕಿ ಕೇಳಿದ್ದೀರಾ?’ ಅಂತ ಕೇಳದೆ ನಾನು ದುಡ್ಡು ಕಟ್ಟುವುದಿಲ್ಲ.

ಇನ್ನು ಸಾಗಣೆ. ಅಂಚೆಯಲ್ಲಿ ತರಿಸಿದರೆ ಕಸ್ಟಮ್ಸ್ ಸುಂಕ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀವು ಹೇಗೂ ವಾಪಸ್ ಬರುವವರು. ಒಳ್ಳೆಯವನ್ನು ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ. ಇಪ್ಪತ್ತು ಎಲ್‌ಪಿ ಅಂದರೆ ಐದಾರು ಕಿಲೋ ಆಗುತ್ತದೆ. ಪ್ಯಾಕ್ ಮಾಡುವಾಗ ರೆಕಾರ್ಡನ್ನು ಒಳಗಿನ ತೆಳು ಕವರಿನ ಸಮೇತ ಹೊರಗೆ ತೆಗೆದು, ದೊಡ್ಡ ಕವರಿನ ಹಿಂದೆ ಇಡಿ. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಹರಿಯುತ್ತದೆ.

ಉತ್ತರ, ಹೇಗ್‌ನಿಂದ

ಎಲ್ಲರೂ ಎಲ್‌ಪಿ ಎಲ್‌ಪಿ ಅನ್ನುತ್ತಿದ್ದೀರಿ. ಸಿಂಗಲ್ಸ್ ಮರೆತೇಬಿಟ್ಟಿರಲ್ಲ! ಸೈಕೆಡೆಲಿಕ್ ಬೇಕಿದ್ದರೆ 1966ರಿಂದ 69ರವರೆಗಿನ ಏಳು ಇಂಚಿನ ರೆಕಾರ್ಡುಗಳನ್ನು ನೋಡಿ. ಎಷ್ಟೋ ಬ್ಯಾಂಡುಗಳಿಗೆ ಎಲ್‌ಪಿ ಮಾಡುವ ಭಾಗ್ಯವೇ ಬರಲಿಲ್ಲ, ಒಂದೆರಡು ಸಿಂಗಲ್‌ಗೇ ಮುಗಿಯಿತು. ಡಚ್ ಸಿಂಗಲ್‌ಗಳಿಗೆ ಸಾಮಾನ್ಯವಾಗಿ ಫೋಟೋ ಇರುವ ಕವರ್ ಇರುತ್ತದೆ. ಅದೇ ಇಂಗ್ಲೆಂಡಿನದ್ದು ಆ ಕಾಲದಲ್ಲಿ ಬರೀ ಕಾಗದದ ಚೀಲ. ಮಧ್ಯದ ತೂತು ಮಾತ್ರ ದೊಡ್ಡದು, ಅಡಾಪ್ಟರ್ ಕೊಂಡುಕೊಳ್ಳಿ.

ನಮ್ಮ ಕಡೆಯವರಿಗೆ ಒಂದು ಮಜಾ ಹೇಳಲಾ? ನಮ್ಮ ಹೇಗ್‌ನ ಶಾಕಿಂಗ್ ಬ್ಲೂ ಗೊತ್ತಲ್ವಾ, ‘ವೀನಸ್’ ಹಾಡಿನವರು? 1970ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದ ಹಾಡು. ಅವರ 1969ರ ‘ಅಟ್ ಹೋಮ್’ ಎಲ್‌ಪಿಯಲ್ಲಿ ಸಿತಾರ್ ಇದೆ. ಅದರಲ್ಲಿನ ‘ಅಕ್ಕಾ ರಾಗ’ ಅನ್ನುವುದು ಕಲ್ಕತ್ತದಲ್ಲಿ ಹುಟ್ಟಿದ ಜಾನ್ ಮೇಯರ್ ಅವರ ರಚನೆ. ‘ಲವ್ ಬಜ್’ ಕೂಡ ಅದೇ ಎಲ್‌ಪಿಯಲ್ಲಿದೆ, ಅಮೆರಿಕದ ನಿರ್ವಾಣ ಬ್ಯಾಂಡಿನವರು ತಮ್ಮ ಮೊದಲ ಸಿಂಗಲ್‌ಗೆ ಎತ್ತಿಕೊಂಡದ್ದು ಅದನ್ನೇ. ಹಿಂದೂಸ್ತಾನಿ ಕೇಳಿ ಬೆಳೆದವರಿಗೆ ಆ ಸಿತಾರ್ ಕೇಳಿ ಸ್ವಲ್ಪ ನಗು ಬರಬಹುದು. ಆದರೂ ಚೆನ್ನಾಗಿದೆ.

ಮತ್ತೆ ಯುಟ್ರೆಕ್ಟ್‌ನಿಂದ

ಬೆಂಗಳೂರಿನವರ ಮಾತು ಅರ್ಧ ಒಪ್ಪುತ್ತೇನೆ. ‘ಸಿಕ್ಯೂ’ ಒರಿಜಿನಲ್ ಹಿಂದೆ ಬೀಳುವುದು ಬೇಡ, ಸರಿ. ಆದರೆ ಆಲ್ಕ್ವಿನ್, ಸೂಪರ್‌ಸಿಸ್ಟರ್ ಥರದವುಗಳ ಹಳೆಯ ಪ್ರೆಸ್ಸಿಂಗ್ ಎಷ್ಟೋ ಸಲ ಹೊಸ ರೀಇಶ್ಯೂಗಿಂತ ಅಗ್ಗ. ಅಲ್ಲಿ ಒರಿಜಿನಲ್ಲೇ ಸರಿ.

ಒರಿಜಿನಲ್ ಹೌದೋ ಅಲ್ಲವೋ ನೋಡುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಕವರಿನ ಮೇಲೆ ಬಾರ್‌ಕೋಡ್ ಇದ್ದರೆ ಅದು 70ರ ದಶಕದ ಶುರುವಿನದ್ದಲ್ಲ, ಮಾತೇ ಬೇಡ. ಲೇಬಲ್ ಮೇಲೆ ಸ್ಟೆಮ್ರಾ ಅಂತ ಇದ್ದರೆ ಡಚ್ ಪ್ರೆಸ್ಸಿಂಗ್ ಇರಬಹುದು, ಅದು ಇಲ್ಲಿನ ಹಕ್ಕುಸ್ವಾಮ್ಯ ಸಂಸ್ಥೆ. ಬರೀ ಗೆಮಾ ಇದ್ದರೆ ಜರ್ಮನಿಯದ್ದು. ಕೊನೆಗೆ ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೆತ್ತಿರುವ ನಂಬರನ್ನು ಡಿಸ್ಕಾಗ್ಸ್‌ನಲ್ಲಿರುವುದಕ್ಕೆ ಹೋಲಿಸಿ. ಅಗೇಮೋ ಒರಿಜಿನಲ್ ಅಂತ ಯಾರಾದರೂ ಮಾರಲು ಬಂದರೆ ‘ತ್ರೀಡಿ ಕನ್ನಡಕ ಎಲ್ಲಿ?’ ಅಂತ ಕೇಳಿ. ಕವರ್ ನೋಡಲು ಕನ್ನಡಕ ಕೊಟ್ಟಿದ್ದರು. ಅದಿಲ್ಲದೆ ಪೂರ್ತಿ ಬೆಲೆ ಕೊಡಬೇಡಿ.

ಉತ್ತರ, ಮಂಗಳೂರಿನಿಂದ

ಒಂದೇ ಮಾತು. ಊರಿಗೆ ತಂದ ಮೇಲೆ ಮಳೆಗಾಲ ಇದೆ ಮಾರಾಯ್ರೆ. ಯುರೋಪಿನಲ್ಲಿ ಐವತ್ತು ವರ್ಷ ಚೆನ್ನಾಗಿದ್ದ ಕವರಿಗೆ ಇಲ್ಲಿ ಒಂದು ಜೂನ್–ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ. ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ಆಗಾಗ ತೆಗೆದು ಗಾಳಿಗೆ ಹಿಡಿಯಿರಿ. ಬೆಂಗಳೂರಿನಲ್ಲಿ ಇಷ್ಟು ತೊಂದರೆ ಇಲ್ಲ ಬಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ಟಾಮಿ’ ವಿಷಯ ಓದಿ ತಕ್ಷಣ ಕವರ್ ತೆಗೆದು ನೋಡಿದೆ, ಹೆಸರು ಇದೆ! ಟಿಲ್‌ಬರ್ಗ್‌ನಲ್ಲಿ ಒಬ್ಬರು ‘ಮಾರ್ಕ್ಸ್’ ಮತ್ತು ‘ಡೈವರ್ಜೆನ್ಸ್’ ಎರಡನ್ನೂ ಒಟ್ಟಿಗೆ ಮಾರುತ್ತಿದ್ದಾರೆ. ಫೋಟೋದಲ್ಲಿ ಕವರ್ ಮಾತ್ರ ಕಾಣುತ್ತದೆ. ಹೋಗಲಾ?

ಯುಟ್ರೆಕ್ಟ್‌ನಿಂದ

ಟಿಲ್‌ಬರ್ಗ್ ನಿಮಗೆ ಪಕ್ಕದಲ್ಲೇ ಇದೆಯಲ್ಲ, ಹೋಗಿ. ಮುಂಚೆ ರೆಕಾರ್ಡಿನ ಫೋಟೋ ಕಳಿಸಲು ಹೇಳಿ, ದೀಪದ ಬೆಳಕು ಓರೆಯಾಗಿ ಬೀಳುವ ಹಾಗೆ. ಅವರ ಮನೆಯಲ್ಲಿ ಪ್ಲೇಯರ್ ಇದ್ದರೆ ‘ಡೈವರ್ಜೆನ್ಸ್’ನ ಶುರು ಹಾಕಿಸಿ. ಮೆಲ್ಲಗಿನ ಜಾಗಗಳಲ್ಲಿ ಗೀರಿದ್ದರೆ ತಕ್ಷಣ ಗೊತ್ತಾಗುತ್ತದೆ. ಎರಡೂ ಸೇರಿದರೆ ಸ್ವಲ್ಪ ಚೌಕಾಸಿ ಮಾಡಬಹುದು, ಇಲ್ಲಿನವರೂ ಅದಕ್ಕೇನು ಬೇಜಾರು ಮಾಡಿಕೊಳ್ಳುವುದಿಲ್ಲ.