‘ಭೂತ’ ಎಂದು ಬರೆಯಬಹುದೇ?

ಪ್ರಶ್ನೆ (ಅರಸೀಕೆರೆಯಿಂದ)
ನಮ್ಮ ಸೀಮೆಯಲ್ಲಿ ಭೂತ, ದೆವ್ವ, ಪಿಶಾಚಿ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ, ಮೂರೂ ಹೆದರಿಕೆಯ ಮಾತುಗಳೇ. ಆದರೆ ಕೊಪ್ಪದ ಕಡೆಯ ನಮ್ಮ ಬೀಗರು ತೋಟದ ಭೂತಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಪೂಜೆ ಕೊಡುತ್ತಾರೆ. ಆ ಆಚರಣೆಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ‘ಭೂತ’ ಎಂದರೆ ಅವರಿಗೆ ನೋವಾಗುವುದೇ, ‘ದೈವ’ ಎನ್ನಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಹಾಸನದಿಂದ)
ಈ ಶಬ್ದದ ಮೂಲದಲ್ಲಿ ಭಯದ ಸುಳಿವೇ ಇಲ್ಲ. ಸಂಸ್ಕೃತದ ‘ಭೂ’ ಧಾತುವಿನಿಂದ ಬಂದ ಇದಕ್ಕೆ ‘ಆದದ್ದು, ಇರುವಂಥದ್ದು’ ಎಂಬ ಅರ್ಥವಿರುವುದರಿಂದಲೇ ಕಳೆದ ಕಾಲ ಭೂತಕಾಲವಾಯಿತು, ಮಣ್ಣು ನೀರು ಮೊದಲಾದವು ಪಂಚಭೂತಗಳಾದವು, ಜೀವಿಗಳ ಮೇಲಿನ ಕರುಣೆ ಭೂತದಯೆಯಾಯಿತು. ಶಿವನ ಪರಿವಾರವೂ ಭೂತಗಣವೇ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಭೈರವನ ಕಾಲ ಬಳಿ ಎಲುಬು ಎದ್ದು ಕಾಣುವ ಬೇತಾಳಗಳನ್ನು ನೋಡಿದರೆ, ದೇವರ ಜೊತೆಗೇ ಇವುಗಳಿಗೂ ಜಾಗವಿತ್ತೆಂಬುದು ತಿಳಿಯುತ್ತದೆ. ‘ಪ್ರೇತ’ದ ಮಾತು ಬೇರೆ. ‘ಹೊರಟುಹೋದದ್ದು’ ಎಂಬುದು ಅದರ ಅರ್ಥ, ಸತ್ತವರಿಗೆ ಸಪಿಂಡೀಕರಣ, ಅಂದರೆ ಅವರನ್ನು ಪಿತೃಗಳೊಂದಿಗೆ ಸೇರಿಸುವ ವಿಧಿ, ಆಗುವವರೆಗೆ ಅಪರಕರ್ಮದಲ್ಲಿ (ಸಾವಿನ ನಂತರದ ಕ್ರಿಯೆಗಳಲ್ಲಿ) ಅದೇ ಹೆಸರು.

ಉತ್ತರ (ಕೊಪ್ಪದಿಂದ)
ನೋವಾಗುವ ಪ್ರಶ್ನೆಯೇ ಇಲ್ಲ, ನಿಸ್ಸಂಕೋಚವಾಗಿ ಬರೆಯಿರಿ. ನಮ್ಮ ತೋಟದಂಚಿನಲ್ಲಿ ಮರದ ಬುಡಕ್ಕೆ ಒರಗಿಸಿದ, ಮಳೆಗಾಲವಿಡೀ ಪಾಚಿಗಟ್ಟಿ ನಿಲ್ಲುವ ಒಂದು ಕಲ್ಲಿದೆ. ಪೂಜೆಯ ದಿನ ಅದನ್ನು ತೊಳೆದು, ಕುಂಕುಮ ಹಚ್ಚಿ, ದೀಪವಿಟ್ಟು ಕಾಯಿ ಒಡೆಯುತ್ತೇವೆ. ಕೋಳಿ ಕೊಡುವ ಮನೆಗಳೂ ಇವೆ. ತೋಟ ಕಾಯುವುದು ಅದೇ ಎಂದು ನಂಬಿ ಬದುಕಿದವರು ನಮ್ಮ ಹಿರಿಯರು, ಬಾಳೆಗೊನೆ ಕದಿಯಲು ಬಂದವನಿಗೆ ಮಾತ್ರ ಅದರ ಭಯ. ಘಟ್ಟದ ಕೆಳಗಿನ ತುಳುವರೂ ಭೂತವೆನ್ನುತ್ತಾರೆ, ಗೌರವದಿಂದ ದೈವವೆನ್ನುವುದೂ ಉಂಟು. ಕೆಟ್ಟದ್ದಕ್ಕೆ ನಮ್ಮಲ್ಲಿ ‘ಪೀಡೆ’ ಎಂಬ ಮಾತಿದೆ, ‘ಗಾಳಿ ಸೋಕಿತು’ ಎನ್ನುತ್ತೇವೆ. ಆ ಕಲ್ಲನ್ನು ದಯವಿಟ್ಟು ‘ದೆವ್ವ’ ಎಂದು ಮಾತ್ರ ಬರೆಯಬೇಡಿ.

ಉತ್ತರ (ಚಿಕ್ಕಮಗಳೂರಿನಿಂದ)
ಮೇಲಿನವರ ಕಳಕಳಿ ನ್ಯಾಯವಾದದ್ದು, ಆದರೂ ‘ದೆವ್ವ’ ಎಂಬುದು ‘ದೈವ’ದ ತದ್ಭವವೇ ಎಂಬುದನ್ನು ಇಲ್ಲಿ ಹೇಳಲೇಬೇಕು. ಒಂದೇ ಶಬ್ದದ ತತ್ಸಮ ರೂಪ ಪೂಜೆಯ ಕಡೆಗೂ ತದ್ಭವ ರೂಪ ಭಯದ ಕಡೆಗೂ ಸರಿದುಹೋಗಿದೆ. ‘ಭೂತ’ ಮಾತ್ರ ರೂಪ ಬದಲಿಸದೆ ಎರಡೂ ಕಡೆ ನಿಂತಿರುವುದರಿಂದ ಅರ್ಥವನ್ನು ಗೊತ್ತುಮಾಡುವುದು ಅದರ ಜೊತೆಗಿನ ಕ್ರಿಯಾಪದ. ಭೂತ ‘ಹಿಡಿಯಿತು’, ಭೂತ ‘ಬಿಡಿಸಿದರು’ ಎಂದಾಗ ಅದು ಪೀಡೆ. ಭೂತಕ್ಕೆ ‘ಕೊಟ್ಟರು’, ಭೂತಕ್ಕೆ ‘ಹರಕೆ ಹೇಳಿಕೊಂಡರು’ ಎಂದಾಗ ಕಾಯುವ ಶಕ್ತಿ. ‘ಭೂತಾಕಾರ’, ‘ಭೂತಗನ್ನಡಿ’ಗಳಲ್ಲಿ ಉಳಿದಿರುವುದು ಬರೀ ದೊಡ್ಡದೆಂಬ ಭಾವ. ಬಯಲುಸೀಮೆಯ ಓದುಗರಿಗಾಗಿ ಲೇಖನದ ಮೊದಲಲ್ಲೊಮ್ಮೆ ‘ತೋಟ ಕಾಯುವ ಭೂತ’ ಎಂದು ಬಿಡಿಸಿ ಬರೆದು, ಮುಂದೆ ಬರಿಯ ‘ಭೂತ’ ಎಂದರೆ ಸಾಕು.