ಅಪ್‌ಡೇಟ್: ಪಾಪುವಿನ ಹೊಕ್ಕುಳಬಳ್ಳಿಯ ಊತ, ಆಪರೇಷನ್ ಆಯಿತು

ಹೋದ ತಿಂಗಳು ಕೇಳಿದ್ದೆ. ಕುಮಟಾದಲ್ಲಿ ಹೆರಿಗೆಯಾದಾಗ ಪಾಪುವಿನ ಹೊಕ್ಕುಳಬಳ್ಳಿಯ ಬುಡ ತುಂಬಾ ದಪ್ಪ ಇತ್ತು. ಇದು ಮಾಮೂಲಿ ಹೊಕ್ಕುಳ ಹರ್ನಿಯಾನಾ (ಹೊಕ್ಕುಳ ಉಬ್ಬಿಕೊಳ್ಳುವುದು) ಅಂತ.

ಅಲ್ಲ. ಮಾಮೂಲಿ ಹರ್ನಿಯಾದಲ್ಲಿ ಊತದ ಮೇಲೆ ಚರ್ಮ ಇರುತ್ತದೆ. ಹೆಚ್ಚಿನವು 4-5 ವರ್ಷದೊಳಗೆ ತಾವೇ ಮುಚ್ಚಿಕೊಳ್ಳುತ್ತವೆ. ನಮ್ಮ ಪಾಪುವಿಗೆ ಬರೀ ತೆಳು ಪೊರೆ, ಅದರೊಳಗೆ ಕರುಳು. ಬಸುರಿನ ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳ ಕರುಳೂ ಸ್ವಲ್ಪ ದಿನ ಬಳ್ಳಿಯೊಳಗೆ ಇರುತ್ತದಂತೆ. 10-12 ವಾರಕ್ಕೆ ಹೊಟ್ಟೆಗೆ ವಾಪಸ್ ಹೋಗುತ್ತದೆ. ಇವನದು ಸ್ವಲ್ಪ ಹೊರಗೇ ಉಳಿದಿತ್ತು. ನಾನೇನು ತಿನ್ನಬಾರದ್ದು ತಿಂದೆನೋ ಎಂದು ಅತ್ತಿದ್ದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು ಡಾಕ್ಟರು.

ದೊಡ್ಡ ಅಪಾಯ ಹೆರಿಗೆಯಾದ ಮೇಲೆ ಬಳ್ಳಿ ಕತ್ತರಿಸಲು ಕ್ಲಿಪ್ ಹಾಕುವಾಗ. ಬುಡಕ್ಕೇ ಹಾಕಿ ಕತ್ತರಿಸಿದರೆ ಕರುಳೂ ಕತ್ತರಿಸಿ ಹೋಗಬಹುದು. ನಮ್ಮ ನರ್ಸಕ್ಕ ದಪ್ಪ ಕಂಡು ದೂರಕ್ಕೆ ಹಾಕಿದ್ದರು. ಅವರನ್ನು ದಿನಾ ನೆನೆಯುತ್ತೇನೆ.

ಆಂಬುಲೆನ್ಸ್‌ನಲ್ಲಿ ಹೊನ್ನಾವರ, ಭಟ್ಕಳ ದಾಟಿ ಮಣಿಪಾಲಕ್ಕೆ ಹೋದೆವು. ದಾರಿಯುದ್ದಕ್ಕೂ ನನ್ನ ಅಮ್ಮ ಅವನ ಕಾಲು ಹಿಡಿದು ಕೂತಿದ್ದಳು. ಮರುದಿನ ಕರುಳನ್ನು ಒಳಗೆ ಸೇರಿಸಿ ಹೊಲಿದರು. ಕರುಳು ಹೊರಬಂದಿದ್ದ ಹೊಟ್ಟೆಯ ತೂತು ಸಣ್ಣದಿತ್ತು, ಒಂದೇ ಆಪರೇಷನ್ ಸಾಕಾಯಿತು. ಕೆಲವು ದಿನ ಡ್ರಿಪ್, ಆಮೇಲೆ ಎದೆಹಾಲು.

ಊತದ ಮೇಲೆ ನಾಣ್ಯ ಇಟ್ಟು ಬಟ್ಟೆ ಕಟ್ಟಿ ಎಂದು ನನಗೆ ಹೇಳಿದವರೇ, ನಿಮ್ಮ ಕಾಳಜಿ ಗೊತ್ತು. ಆದರೆ ದಯವಿಟ್ಟು ಯಾರಿಗೂ ಹೇಳಬೇಡಿ. ಆ ಪೊರೆ ಹರಿದಿದ್ದರೆ?

ಈಗ ಅವನಿಗೆ 40 ದಿನ. ಚೆನ್ನಾಗಿ ಹಾಲು ಕುಡಿಯುತ್ತಾನೆ. ಸೋಮವಾರ ಮತ್ತೆ ತೋರಿಸಿಕೊಂಡು ಬರಬೇಕು.