ಬ್ಯಾಂಕಾಕ್‌ನಲ್ಲಿ ಒಂದೇ ದಿನ, ಜೊತೆಗೆ ಅಮ್ಮ: ಹೋಗಿಬಂದವರು ಹೇಳಿ

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನನ್ನು ಕರೆದುಕೊಂಡು ಬ್ಯಾಂಕಾಕ್‌ಗೆ ಹೋಗುತ್ತಿದ್ದೇನೆ. ಊರು ಸುತ್ತಲು ಸಿಗುವುದು ಒಂದೇ ದಿನ. ಅಮ್ಮನಿಗೆ ಮಂಡಿನೋವು, ಶುದ್ಧ ಸಸ್ಯಾಹಾರಿ ಬೇರೆ. ಇಡೀ ದಿನಕ್ಕೆ ಟ್ಯಾಕ್ಸಿ ಮಾಡಿಕೊಳ್ಳಬೇಕಾ? ಏನೇನು ನೋಡಬಹುದು?

ಉತ್ತರ: ಟ್ಯಾಕ್ಸಿ ಬೇಡವೇ ಬೇಡ. ಅಲ್ಲಿನ ಟ್ರಾಫಿಕ್‌ನಲ್ಲಿ ಅರ್ಧ ದಿನ ಸಿಗ್ನಲ್ ನೋಡುತ್ತಾ ಕೂರುತ್ತೀರಿ. ನೋಡಬೇಕಾದ ಹಳೆಯ ಜಾಗಗಳೆಲ್ಲ ಚಾವೊ ಫ್ರಾಯಾ ನದಿ ದಂಡೆಯಲ್ಲೇ ಇವೆ, ಆದ್ದರಿಂದ ದೋಣಿಯಲ್ಲೇ ಹೋಗಿ. ಬಿಟಿಎಸ್ ರೈಲಿನಲ್ಲಿ ಸಫಾನ್ ತಕ್ಸಿನ್ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ ಸಾಥಾನ್ ದೋಣಿಕಟ್ಟೆ. ಕಿತ್ತಳೆ ಬಾವುಟದ ದೋಣಿ ಊರಿನವರು ಕೆಲಸಕ್ಕೆ ಹೋಗುವ ದೋಣಿ, ತುಂಬಾ ಅಗ್ಗ. ಕಂಡಕ್ಟರಮ್ಮ ಉದ್ದನೆಯ ತಗಡಿನ ಡಬ್ಬಿಯಲ್ಲಿ ಚಿಲ್ಲರೆ ಕುಲುಕುತ್ತಾ ಬರುತ್ತಾರೆ, ಟಿಕೆಟ್ ಹರಿದುಕೊಡುವುದೂ ಅದರಿಂದಲೇ. ಆದರೆ ಆ ದೋಣಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಸೀಟಿ ಊದಿದ ತಕ್ಷಣ ಹೊರಟೇಬಿಡುತ್ತದೆ. ಕಟ್ಟೆಗೂ ದೋಣಿಗೂ ನಡುವೆ ಸಂದು ಇರುತ್ತದೆ, ಎರಡೂ ಅಲ್ಲಾಡುತ್ತಿರುತ್ತವೆ. ಮಂಡಿನೋವು ಇರುವವರಿಗೆ ಅದು ಕಷ್ಟ. ಅಮ್ಮನ ಸಲುವಾಗಿ ಸ್ವಲ್ಪ ದುಡ್ಡು ಜಾಸ್ತಿಯಾದರೂ ನೀಲಿ ಬಾವುಟದ ಪ್ರವಾಸಿ ದೋಣಿ ಹಿಡಿಯಿರಿ. ಅರಮನೆಗೆ ಥಾ ಚಾಂಗ್ ಕಟ್ಟೆಯಲ್ಲಿ ಇಳಿಯಬೇಕು.

ಉತ್ತರ: ಅರಮನೆ, ಅಂದರೆ ಗ್ರ್ಯಾಂಡ್ ಪ್ಯಾಲೇಸ್, ಬೆಳಿಗ್ಗೆ 8:30ಕ್ಕೆ ತೆರೆಯುತ್ತದೆ. ಆದಷ್ಟು ಬೇಗ ಗೇಟಿನ ಮುಂದೆ ಇರಿ. ಆಮೇಲೆ ಟೂರ್ ಬಸ್ಸುಗಳು ಬಂದು ಜನ ಸೇರಿಬಿಡುತ್ತಾರೆ, ಬಿಸಿಲೂ ಏರುತ್ತದೆ. ಟಿಕೆಟ್ 500 ಬಾತ್ (ಅಲ್ಲಿನ ದುಡ್ಡು). ಭುಜ, ಮಂಡಿ ಮುಚ್ಚಿರಬೇಕು. ಅಮ್ಮ ಸೀರೆ ಉಟ್ಟರೆ ಚಿಂತೆಯಿಲ್ಲ, ಅಪ್ಪನ ಬರ್ಮುಡಾ ಮಾತ್ರ ಹೋಟೆಲ್‌ನಲ್ಲೇ ಇರಲಿ!

ದಾರಿಯಲ್ಲಿ ಯಾರಾದರೂ ಟಿಪ್‌ಟಾಪಾಗಿ ಬಂದು "ಇವತ್ತು ಅರಮನೆ ರಜೆ, ಪೂಜೆ ನಡೀತಿದೆ, ಬೇರೆ ದೇವಸ್ಥಾನ ತೋರಿಸ್ತೀನಿ" ಅಂದರೆ ನಿಲ್ಲಬೇಡಿ. ಹತ್ತಿಪ್ಪತ್ತು ಬಾತ್‌ಗೆ ಟುಕ್‌ಟುಕ್ ಹತ್ತಿಸಿ ಹರಳಿನ ಅಂಗಡಿಗೆ ಕರೆದೊಯ್ಯುವ ಹಳೇ ಆಟ ಅದು. ರಜೆಯೋ ಅಲ್ಲವೋ ಗೇಟಿಗೇ ಹೋಗಿ ನೋಡಿ.

ಒಳಗೆ ಎಲ್ಲರೂ ಪಚ್ಚೆ ಬುದ್ಧನ ಗುಡಿಗೆ ನುಗ್ಗುತ್ತಾರೆ. ನೋಡಿ, ಬೇಡ ಅನ್ನಲ್ಲ. ಆದರೆ ನನಗೆ ಹೆಚ್ಚು ಇಷ್ಟವಾದದ್ದು ಸುತ್ತಲ ಮೊಗಸಾಲೆಯ ಗೋಡೆಚಿತ್ರಗಳು. ಅವರ ರಾಮಾಯಣ, ರಾಮಕಿಯೆನ್, ಪೂರ್ತಿ 178 ಚಿತ್ರಗಳಲ್ಲಿ ಬರೆದಿದ್ದಾರೆ. ಅಮ್ಮನಿಗೆ ಗೈಡೇ ಬೇಕಾಗಲ್ಲ, ಅವರೇ ನಿಮಗೆ ಕಥೆ ಹೇಳುತ್ತಾರೆ. ಒಂದು ಎಚ್ಚರಿಕೆ: ಅಲ್ಲಿನ ಹನುಮಂತ ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯುತ್ತಿದ್ದವಳು ರಾವಣನ ಮಗಳು, ಒಬ್ಬ ಮತ್ಸ್ಯಕನ್ಯೆ. ಹನುಮಂತ ಅವಳನ್ನೇ ಪ್ರೀತಿಸುತ್ತಾನೆ. ಅವರಿಗೆ ಮಗನೂ ಹುಟ್ಟುತ್ತಾನೆ. ನಮ್ಮತ್ತೆ ಇದನ್ನು ಇನ್ನೂ ಒಪ್ಪಿಲ್ಲ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಊಟದ್ದೇ ಯೋಚನೆ. ಅಮ್ಮ ಮೀನಿನ ವಾಸನೆ ಬಂದರೆ ಎದ್ದುಬಿಡುತ್ತಾರೆ.

ಉತ್ತರ: ಅಕ್ಕ, "ವೆಜ್" ಅಂತ ಕೇಳಿದರೆ ಸಾಲದು. ಮಾಂಸ ಹಾಕದಿದ್ದರೂ ಮೀನಿನ ಸಾಸ್ ಹಾಕಿರುತ್ತಾರೆ. ಪಪ್ಪಾಯಿ ಸಲಾಡ್‌ನಲ್ಲೂ ಒಣಸಿಗಡಿ ಇರುತ್ತದೆ. "ಜೇ" ಅನ್ನಿ. ಜೇ ಅಂದರೆ ಮೀನು, ಮೊಟ್ಟೆ ಯಾವುದೂ ಇಲ್ಲ, ಬೆಳ್ಳುಳ್ಳಿ ಕೂಡ ಇರುವುದಿಲ್ಲ. ಅಂಥ ಅಂಗಡಿ ಮುಂದೆ ಹಳದಿ ಬಟ್ಟೆ ಮೇಲೆ ಕೆಂಪು ಅಕ್ಷರ ಕಾಣುತ್ತದೆ.

ಅದೂ ಬೇಡ, ಅನ್ನ ಚಪಾತಿಯೇ ಬೇಕು ಅಂದರೆ ಫಹುರತ್‌ಗೆ ಹೋಗಿ. ಭಾರತೀಯರ ಪೇಟೆ ಅದು. ಬಟ್ಟೆ ಅಂಗಡಿ, ಸಮೋಸ, ಗುರುದ್ವಾರ ಎಲ್ಲ ಇದೆ. ವಾಟ್ ಫೋ ದೇವಸ್ಥಾನದ ಹತ್ತಿರದ ಸನಾಮ್ ಚಾಯ್ ಸ್ಟೇಷನ್‌ನಿಂದ ಎಂಆರ್‌ಟಿ ಮೆಟ್ರೋದಲ್ಲಿ ಮುಂದಿನದೇ ಸ್ಟೇಷನ್, ಸಾಮ್ ಯೋಟ್. ಅಲ್ಲಿಂದ ನಡೆದರೆ ಆಯ್ತು. ಸನಾಮ್ ಚಾಯ್ ಸ್ಟೇಷನ್ನನ್ನೂ ಅರಮನೆ ಥರ ಕಂಬಗಳಿಟ್ಟು ಕಟ್ಟಿದ್ದಾರೆ, ಓಡಬೇಡಿ, ತಲೆಯೆತ್ತಿ ನೋಡಿ. ಬಿಟಿಎಸ್ ಟಿಕೆಟ್ ಇಲ್ಲಿ ನಡೆಯಲ್ಲ, ಬೇರೆ ತಗೋಬೇಕು. ಸಿಹಿಗೆ ಮಾವಿನಹಣ್ಣು, ತೆಂಗಿನಹಾಲು ಹಾಕಿದ ಅಂಟಕ್ಕಿ ಅನ್ನ. ಇದಕ್ಕೆ ಅಮ್ಮ ಬೇಡ ಅನ್ನಲ್ಲ.

ಉತ್ತರ: ಊಟಕ್ಕೆ ಮುಂಚೆಯೇ ವಾಟ್ ಫೋ ಮುಗಿಸಿಬಿಡಿ, ಅರಮನೆಯ ಪಕ್ಕದಲ್ಲೇ ಇದೆ. ಮಲಗಿರುವ ಬುದ್ಧ 46 ಮೀಟರ್ ಉದ್ದ. ಬೆನ್ನ ಹಿಂದಿನ ಸಾಲಿನಲ್ಲಿ 108 ಕಂಚಿನ ಬಟ್ಟಲುಗಳಿವೆ, ಚಿಲ್ಲರೆ ತಗೊಂಡು ಒಂದೊಂದಕ್ಕೂ ಹಾಕುತ್ತಾ ಹೋಗಬಹುದು. ಆವರಣದಲ್ಲೇ ಥಾಯ್ ಮಸಾಜ್ ಇದೆ. ಅಮ್ಮನಿಗೆ ಪಾದದ್ದು ಮಾಡಿಸಿ, ಮಂಡಿನೋವು ಇದೆ ಅಂತ ಮೊದಲೇ ಹೇಳಿ.

ನದಿಯಾಚೆ ಇರುವ ವಾಟ್ ಅರುಣ್ ದೇವಸ್ಥಾನದ ಗೋಪುರ ಹತ್ತುವುದು ಬಿಡಿ. ಮೆಟ್ಟಿಲು ತೀರಾ ಕಡಿದು. ಸಂಜೆ ಥಾ ಥಿಯೆನ್ ಕಟ್ಟೆ ಬದಿಯಿಂದಲೇ ಚೆನ್ನಾಗಿ ಕಾಣುತ್ತದೆ. ಅಪ್ಪನಿಗೆ ಹೋಗಲೇಬೇಕು ಅನ್ನಿಸಿದರೆ ಅಲ್ಲಿಂದ ಆಚೆ ದಡಕ್ಕೆ ಸಣ್ಣ ದೋಣಿ ಇದೆ, ಗೋಪುರದ ಮೇಲೆ ಅಂಟಿಸಿರುವ ಪಿಂಗಾಣಿ ಚೂರುಗಳನ್ನು ಹತ್ತಿರದಿಂದ ನೋಡಬಹುದು. ಫ್ಲೋಟಿಂಗ್ ಮಾರ್ಕೆಟ್, ಮಾಲ್ ಎಲ್ಲ ಇದೇ ದಿನಕ್ಕೆ ತುರುಕಬೇಡಿ.

ವಾಪಸ್ ಹೋಗುವಾಗ ಕಾಲು ಸೋತಿದ್ದರೆ ಟ್ಯಾಕ್ಸಿ ಹಿಡಿಯಿರಿ, ಆದರೆ ಮೀಟರ್ ಹಾಕಿಸಿ. 35 ಬಾತ್‌ನಿಂದ ಶುರುವಾಗುತ್ತದೆ. ಒಪ್ಪದಿದ್ದರೆ ಇಳಿದು ಇನ್ನೊಂದಕ್ಕೆ ಕೈ ತೋರಿಸಿ, ಇಲ್ಲಾ ಗ್ರ್ಯಾಬ್ ಆ್ಯಪ್‌ನಲ್ಲಿ ಗಾಡಿ ಬುಕ್ ಮಾಡಿ.